ಕೀ ಗೊಂಚಲಿನ ಬೋಲ್ಟು

ಆ ಕಿಟಕಿ ಹಾಕ್ಬಿಟ್ಟು ಬಾ ಕಣೇ. ಇದನ್ನ ಗಟ್ಟಿಯಾಗಿ ಹೇಳೋಕೆ ನನಗಿಷ್ಟ ಇಲ್ಲ... ಎಲ್ಲೋ ಯಾರಿಗೋ ಆಗಿದ್ದಲ್ಲ, ನನ್ನ ಸ್ವಂತ ತಂಗಿಗೇ ಆಗಿದ್ದು. ಕೊನೇಲಿ ನಾನೂ ಅಲ್ಲೇ ಇದ್ದೆ.

ಅವಳು ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡ್ತಾಳಲ್ಲ, ಆವತ್ತು ರಾತ್ರಿ ಪಾಳಿ ಮುಗಿಸ್ಕೊಂಡು ಒಬ್ಬಳೇ ನಡ್ಕೊಂಡು ಬರ್ತಿದ್ಲು. ಅವರ ಬೀದಿ ತುದೀಲಿ ಒಂದು ಹಳೇ ಬಾವಿ. ನೀರು ಸೇದೋದು ಬಿಟ್ಟು ಯಾವ ಕಾಲ ಆಯ್ತೋ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಪಕ್ಕದಲ್ಲೇ ಅವರ ಗಾಡಿ ನಿಲ್ಲಿಸೋದು. ಬಾವಿ ದಾಟ್ಬೇಕು, ಅಷ್ಟರಲ್ಲಿ ಗಾಡಿ ಅಡಿಯಿಂದ ಸದ್ದು. ಕಿರ್ ಕಿರ್ ಕಿರ್... ಕಟ್. ಬೋಲ್ಟು ತಿರುಗಿಸ್ತಾ ತಿರುಗಿಸ್ತಾ ಪೂರ್ತಿ ಬಿಗಿಯಾದಾಗ ಬರತ್ತಲ್ಲ, ಆ ಸದ್ದು. ಆಮೇಲೆ ಯಾರೋ ನಾಲಿಗೆ ಲೊಚಗುಟ್ಟಿದ ಸದ್ದು. ಚ್ಚ್.

ಗಂಡ ಇರ್ಬೇಕು ಅಂದ್ಕೊಂಡ್ಲು. ಆದ್ರೆ ಅವಳ ಗಂಡ ಗಾಡಿ ಅಡಿ ಮಲಗಿದ್ರೆ ಇಡೀ ಬೀದಿಗೆ ಗೊತ್ತಾಗ್ಬೇಕು. ಹಾಡು ಹಾಕ್ಕೊಂಡಿರ್ತಾನೆ, ನಾಲ್ಕು ಕಡೆ ಲೈಟ್ ಇಟ್ಕೊಂಡಿರ್ತಾನೆ. ಇಲ್ಲಿ ಕತ್ತಲೆ...

ತಡಿ, ಮೊದಲು ಆ ಮಹಾನುಭಾವನ ವಿಷಯ ಹೇಳ್ಬೇಕು. ಇಲ್ಲದಿದ್ರೆ ನಿನಗೆ ಅರ್ಥ ಆಗಲ್ಲ.

ನಮ್ಮನೇಲಿ ಅವನಿಗೆ ಪ್ರಚಂಡ ಅಂತಲೇ ಹೆಸರು. ಇಟ್ಕೊಂಡಿರೋದು ಪರದೆ ಬಟ್ಟೆ ಅಂಗಡಿ. ಅವನೇ ಕೈಯಾರೆ ಹಾಕಿದ ಪರದೆ ಕಂಬಿ ಕಳಚ್ಕೊಂಡು ನಮ್ಮಮ್ಮನ ತಲೆ ಮೇಲೆ ಬಿದ್ದಿದೆ, ಒಂದು ಸಲ ಅಲ್ಲ, ಎರಡು ಸಲ. ಅಂಥೋನಿಗೆ ಇದ್ದಕ್ಕಿದ್ದ ಹಾಗೆ ಬೆಟ್ಟ ಗುಡ್ಡ ಹತ್ತೋ ಹುಚ್ಚು ಹಿಡೀತು. ಒಂದು ಫೋರ್ ಬೈ ಫೋರ್ ಗಾಡಿ ತಂದ, ಆನೆ ಗಾತ್ರದ್ದು. ಗೇಟು ಅಳೆದು ನೋಡಿದ್ನಾ? ಎಲ್ಲಿ ನೋಡ್ತಾನೆ. ಗೇಟಲ್ಲಿ ತೂರಲಿಲ್ಲ, ಅದಕ್ಕೇ ಗಾಡಿ ಬಾವಿ ಪಕ್ಕ. ಕೇಳಿದ್ರೆ, ಇಂಥ ಗಾಡಿ ಬಯಲಲ್ಲೇ ಇರ್ಬೇಕು ಅಂತಾನೆ.

ಅದು ಒಬ್ಬ ಹಲ್ಲಿನ ಡಾಕ್ಟರದ್ದು. ತೀರ್ಕೊಂಡ ಮೇಲೆ ಅವರ ಮಗಳು ಮಾರಿದ್ಲು. ಅಪ್ಪ ಈ ಗಾಡಿಗೆ ಬೇರೆ ಯಾರನ್ನೂ ಕೈ ಹಚ್ಚೋಕೆ ಬಿಡ್ತಿರಲಿಲ್ಲ, ಒಂದೊಂದು ಬೋಲ್ಟನ್ನೂ ತಾವೇ ಬಿಗಿ ಮಾಡಿ, ಬಿಗಿ ಮಾಡಿದ್ದಕ್ಕೆ ಗುರುತಾಗಿ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೀತಿದ್ರು ಅಂತ ಆ ಹುಡುಗಿ ಹೇಳಿದ್ಲಂತೆ. ಗೆರೆ ಸರಿದಿದ್ರೆ ಬೋಲ್ಟು ಸಡಿಲ ಆಗಿದೆ ಅಂತ ಅರ್ಥ, ಅಷ್ಟೇ. ನಮ್ಮ ಪ್ರಚಂಡ ಅವಳೆದುರಿಗೇ ನಕ್ಕ. ಮನೆಗೆ ತಂದವನೇ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಥಿನ್ನರ್ ಹಾಕಿ ತಿಕ್ಕಿ ತಿಕ್ಕಿ ಆ ಗೆರೆ ಎಲ್ಲ ಅಳಿಸಿದ್ದು. ಮುದುಕನ ಅಲಂಕಾರ ಅಂತೆ!

ಆಮೇಲೆ ಶುರು ಆಯ್ತು ನೋಡು ರಿಪೇರಿ. ಫೋನಲ್ಲಿ ವಿಡಿಯೋ ನೋಡೋದು, ಗಾಡಿ ಬಿಚ್ಚೋದು. ಬಿಚ್ಚಿದ್ದನ್ನ ಜೋಡಿಸಿದ ಮೇಲೆ ಪ್ರತೀ ಸಲ ಒಂದೆರಡು ಬೋಲ್ಟು ಮಿಕ್ಕೇ ಮಿಗತ್ತೆ. ಇದ್ಯಾಕ್ರೀ ಮಿಕ್ತು ಅಂತ ನನ್ನ ತಂಗಿ ಕೇಳಿದ್ರೆ, ಕಂಪನಿಯವರು ಒಂದಷ್ಟು ಸುಮ್ನೆ ಜಾಸ್ತಿ ಹಾಕಿರ್ತಾರೆ, ನಿನಗೆ ತಿಳಿಯಲ್ಲ ಬಿಡು ಅನ್ನೋನು. ಮಿಕ್ಕಿದ್ದನ್ನೆಲ್ಲ ಒಂದು ಬಿಸ್ಕತ್ ಡಬ್ಬೀಲಿ ಹಾಕಿ ಗಾಡಿ ಸೀಟಿನ ಹಿಂದೆ ಇಡೋನು. ವಿಚಿತ್ರ ಏನಂದ್ರೆ, ಡಬ್ಬಿ ತುಂಬೋ ಬದಲು ಬರ್ತಾ ಬರ್ತಾ ಖಾಲಿ ಆಗ್ತಿತ್ತು. ನನ್ನ ಸಾಮಾನು ನೀನೇ ಎಸೀತಿದ್ದೀಯ ಅಂತ ಅವಳ ಮೇಲೆ ಹಾರಾಡ್ದ. ಪಾಪ, ಅವಳು ಆ ಡಬ್ಬಿ ಮುಚ್ಚಳ ಕೂಡ ಮುಟ್ಟಿರಲಿಲ್ಲ.

ಒಂದು ಬೋಲ್ಟು ಮಾತ್ರ ಡಬ್ಬಿಗೆ ಹೋಗಲಿಲ್ಲ. ಮುಂದಿನ ಚಕ್ರದ ಬ್ರೇಕ್ ಬಿಚ್ಚಿ ಹಾಕಿದಾಗ ಮಿಕ್ಕಿದ್ದು, ಹೆಬ್ಬೆರಳಷ್ಟು ದಪ್ಪ. ನೋಡೋಕೆ ಚೆನ್ನಾಗಿದೆ ಅಂತ ಬೀಗದ ಅಂಗಡಿಯವನ ಹತ್ರ ಅದರ ತಲೆಗೆ ತೂತು ಹಾಕಿಸಿ ಗಾಡಿ ಕೀ ಗೊಂಚಲಿಗೆ ನೇತು ಹಾಕ್ಕೊಂಡ. ಅಂಗಡಿಗೆ ಬಂದೋರೆದುರಿಗೆಲ್ಲ ಅದನ್ನ ಬೆರಳಲ್ಲಿ ತಿರುಗಿಸ್ತಾ ಬಡಾಯಿ ಕೊಚ್ಚೋದು.

ಈಗ ಆ ರಾತ್ರಿಗೆ ಬರ್ತೀನಿ. ಮಾರನೇ ಬೆಳಿಗ್ಗೆ ಅವರು ಬೆಟ್ಟಕ್ಕೆ ಹೊರಡೋರಿದ್ರು. ಇವಳು ಬೇಡ ಅಂದು ನೋಡಿದ್ಲು. ನೀನು ಬರದಿದ್ರೆ ಬಿಡು, ಮಗಳನ್ನ ನಾನೇ ಕರ್ಕೊಂಡು ಹೋಗ್ತೀನಿ ಅಂದ. ಮಗು ಆಗಲೇ ತನ್ನ ಪುಟ್ಟ ಚೀಲ ತುಂಬಿಸಿ ಬಾಗಿಲ ಹತ್ರ ಇಟ್ಟಿತ್ತು. ಏನ್ ಮಾಡ್ತಾಳೆ?

ಬಾವಿ ಹತ್ರ ನಿಂತು ಮೆಲ್ಲಗೆ, "ರೀ..." ಅಂದ್ಲು.

ಗಾಡಿ ಅಡಿಯಿಂದ ಒಂದು ಕೈ ಆಚೆ ಬಂತು. ಅಂಗೈ ಮೇಲೆ ಮಾಡ್ಕೊಂಡು. ಕೆಲಸ ಮಾಡೋರು ಕಣ್ಣು ಎತ್ತದೆ ಸಾಮಾನು ಕೇಳ್ತಾರಲ್ಲ, ಹಾಗೆ. ಬೀದಿ ದೀಪ ಸ್ವಲ್ಪ ಬೀಳ್ತಿತ್ತು. ವಯಸ್ಸಾದ ಕೈ. ಗ್ರೀಸಿನ ಕಲೆ ಒಂದು ಚೂರೂ ಇಲ್ಲ. ಉಗುರು ಒಪ್ಪವಾಗಿ ಕತ್ತರಿಸಿದೆ...

"ಒಂದು ಕಮ್ಮಿ ಇದೆ," ಅಂತು ಅಡಿಯಿಂದ. ಪಿಸುಮಾತು. ಹೆದರಿದ ಮಗೂನ ಸಮಾಧಾನ ಮಾಡೋ ಹಾಗೆ.

"ಯಾವುದು?"

"ಮುಂದಿನ ಚಕ್ರದ್ದು. ಬ್ರೇಕಿಂದು."

ಓಡಿದ್ಲು ಮನೆಗೆ. ಪ್ರಚಂಡ ಹಾಸಿಗೇಲಿ ಅಂಗಾತ ಬಿದ್ಕೊಂಡು ಗೊರಕೆ ಹೊಡೀತಿದ್ದ. ಅಲುಗಿಸಿ ಎಬ್ಬಿಸಿ ಗಾಡಿ ಅಡಿ ಯಾರೋ ಇದ್ದಾರೆ ಅಂದ್ರೆ, ನಾಯಿ ಇರತ್ತೆ ಮಲ್ಕೋ ಅಂದ. ಕೀ ಗೊಂಚಲಿನ ಬೋಲ್ಟು ಬ್ರೇಕಿಂದಲ್ವಾ, ಅದಿಲ್ಲದೆ ಹೇಗ್ರೀ ಹೋಗೋದು ಅಂದ್ಲು. ಅದಕ್ಕವನು, ಇನ್ನೊಂದು ಇದ್ಯಲ್ಲ, ಅದೇ ಹಿಡ್ಕೊಳತ್ತೆ ಅಂತ ಮಗ್ಗುಲು ಬದಲಾಯಿಸ್ದ. ಥೂ, ಅವನ ಜನ್ಮಕ್ಕಿಷ್ಟು! ಹೆಂಡ್ತಿ ಮಗೂನ ಕೂರಿಸ್ಕೊಂಡು ಬೆಟ್ಟ ಇಳಿಯೋನು ಆಡೋ ಮಾತಾ ಅದು?

ಇವಳು ದಿಂಬಿನ ಪಕ್ಕದಿಂದ ಕೀ ಗೊಂಚಲು ಎತ್ಕೊಂಡ್ಲು. ಗೊಂಚಲಿನ ರಿಂಗ್ ಬಿಡಿಸೋಕೆ ಹೋಗಿ ಉಗುರು ಕಿತ್ತು ರಕ್ತ ಬಂತು. ಬೋಲ್ಟು ಕೈಗೆ ಬಂತು. ಪಕ್ಕದ ಕೋಣೇಲಿ ಮಗು ನಿದ್ದೇಲಿ ಏನೋ ಗೊಣಗ್ತು.

ಅಲ್ಲಾ ಕಣೇ, ಅಂಥದ್ದನ್ನ ನೋಡಿದ ಮೇಲೂ ಮತ್ತೆ ಅಲ್ಲಿಗೆ ಯಾಕೆ ಹೋದೆ ಅಂತ ನಾನು ಕೇಳಿದ್ದೆ. ಅವಳು ಒಂದೇ ಮಾತು ಹೇಳಿದ್ಲು. "ಬೆಳಿಗ್ಗೆ ಮಗು ಆ ಗಾಡೀಲಿ ಕೂರತ್ತಲ್ಲ ಅಕ್ಕ."

ಹೋದ್ಲು. ಕೈ ಹಾಗೇ ಇತ್ತು. ಅಂಗೈ ಮೇಲೆ ಮಾಡ್ಕೊಂಡು ಕಾಯ್ತಿತ್ತು. ಇವಳು ಬಗ್ಗಿ ಬೋಲ್ಟು ಇಟ್ಲು. ಬೆರಳು ತಾಗ್ತು. ದೆವ್ವದ ಕೈ ತಣ್ಣಗಿರತ್ತೆ ಅಂತಾರೆ, ಅಲ್ವಾ? ಇದು ಬೆಚ್ಚಗಿತ್ತಂತೆ, ಒಣಗಿತ್ತಂತೆ. ಸೋಪಿನ ವಾಸನೆ.

ಕೈ ಒಳಗೆ ಹೋಯ್ತು. ಕಿರ್ ಕಿರ್ ಕಿರ್... ಕಿರ್... ಕಟ್.

"ಆಯ್ತು, ಮುಗೀತು," ಅಂತು. ಆಮೇಲೆ, "ಇನ್ನು ಇದರ ರಿಪೇರಿ ಅವನ ಕೈಗೆ ಕೊಡಬೇಡಮ್ಮ."

ಎಲ್ಲಿತ್ತೋ ಧೈರ್ಯ, ಅವಳು ಮಂಡಿ ಊರಿ ಬಗ್ಗಿ ಫೋನ್ ಬೆಳಕು ಬಿಟ್ಲು. ಗಾಡಿ ಅಡಿ ಯಾರೂ ಇಲ್ಲ. ಎಣ್ಣೆ ತೊಟ್ಟಿಕ್ಕಿದ ನೆಲ, ಆ ಕಡೆ ಬಾವಿ ಕಟ್ಟೆ, ಅಷ್ಟೇ.

ಬೆಳಿಗ್ಗೆ ಪ್ರಚಂಡನ ಕೂಗಾಟ ಕೇಳ್ಬೇಕಿತ್ತು, ನನ್ನ ಬೋಲ್ಟು ಎಲ್ಲಿ ಅಂತ. ಇವಳು ಮಗೂನ ಕರ್ಕೊಂಡು ಗಾಡಿ ಹತ್ತಿದ್ಲು. ಹೊರಟ್ರು. ಬೆಟ್ಟ ಹತ್ತಿದ್ದೂ ಆಯ್ತು. ಇಳಿಯೋವಾಗ ಒಂದು ತಿರುವಲ್ಲಿ ಲಾರಿ ಕೆಟ್ಟು ಅಡ್ಡ ನಿಂತಿತ್ತು. ಈ ಕಡೆ ಪ್ರಪಾತ. ಇವನು ಹಾಡು ಹೇಳ್ಕೊಂಡು ಬರ್ತಿದ್ದೋನು ಲಾರಿ ನೋಡಿ ಬ್ರೇಕ್ ಮೇಲೆ ನಿಂತೇಬಿಟ್ಟ. ಗಾಡಿ ಗಕ್ಕಂತ ನಿಂತಿತು. ಲಾರಿಗೂ ಇವರಿಗೂ ನಡುವೆ ಒಬ್ಬ ಮನುಷ್ಯ ತೂರೋಕೂ ಜಾಗ ಇರಲಿಲ್ಲ. ಮಗುವಿನ ಮಡಿಲಲ್ಲಿದ್ದ ಚೀಲ ಕೆಳಗೆ ಬಿತ್ತು, ಮತ್ತೇನೂ ಆಗಲಿಲ್ಲ.

ಆಗ ಅವನು ಹೇಳಿದ್ದೇನು ಗೊತ್ತಾ? ನೋಡಿದ್ಯಾ ನನ್ನ ಕೈಗುಣ ಅಂದ. ನಾನು ಅಲ್ಲಿದ್ದಿದ್ರೆ ಕಪಾಳಕ್ಕೆ ಎರಡು ಬಿಟ್ಟಿರ್ತಿದ್ದೆ.

ನನ್ನ ತಂಗಿ ಬಿಡಲಿಲ್ಲ. ಇನ್ಮೇಲೆ ಗಾಡಿಗೆ ನೀವು ಕೈ ಹಚ್ಚಿದ್ರೆ ನಾನೂ ಮಗಳೂ ಅಕ್ಕನ ಮನೆಗೆ ಅಂದ್ಲು. ಮುಖ ಊದಿಸ್ಕೊಂಡ. ಗ್ಯಾರೇಜಿಗೂ ಕಳಿಸದೆ, ತಾನೂ ಮುಟ್ಟದೆ, ಹಾಗೇ ತಿಂಗಳುಗಟ್ಟಲೆ ಓಡಿಸ್ದ. ಕೆಸರಲ್ಲಿ, ಹೊಳೇಲಿ, ಎಲ್ಲೆಂದರಲ್ಲಿ. ಕೊನೆಗೆ ಟೈರ್ ಸವೆದು ಹೋಗಿ ಗ್ಯಾರೇಜಿಗೆ ತರಲೇಬೇಕಾಯ್ತು. ಆವತ್ತು ನಾನೂ ತಂಗಿ ಜೊತೆ ಹೋಗಿದ್ದೆ.

ಗ್ಯಾರೇಜಿನವನು ಮುಂದಿನ ಚಕ್ರ ಬಿಚ್ಚಿದೋನು ಹಾಗೇ ನಿಂತ. "ಸಾರ್, ಈ ಬೋಲ್ಟಿಗೆ ತೂತು ಯಾಕೆ ಹಾಕಿಸಿದ್ರಿ?"

ಪ್ರಚಂಡ ಬಗ್ಗಿ ನೋಡ್ದ. ಮುಖ ಬಿಳಚ್ಕೊಳ್ತು. ಆದ್ರೂ ಬಾಯಿ ಸುಮ್ನಿರತ್ತಾ? ಗಾಡಿ ತೂಕ ಕಮ್ಮಿ ಮಾಡೋಕೆ ಅಂದ.

ಬಾಕಿ ಎಲ್ಲ ಬೋಲ್ಟಿನ ಮೇಲೂ ಕೆಸರು ಮೆತ್ತಿ ಗಟ್ಟಿಯಾಗಿತ್ತು. ಅದೊಂದೇ ಚೊಕ್ಕಟವಾಗಿತ್ತು. ತಲೆ ಮೇಲೆ ತೂತು, ಅದರ ಪಕ್ಕ ಒಂದು ಹಳದಿ ಗೆರೆ. ನನ್ನ ತಂಗಿ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು.

ನೀನು ನಂಬು, ಬಿಡು, ನಿನ್ನಿಷ್ಟ ಕಣೇ. ನಾನು ಇದೇ ಬೆರಳಿಂದ ಆ ಗೆರೆ ಮುಟ್ಟಿದೆ. ಬಣ್ಣ ಬೆರಳಿಗೆ ಹತ್ತಿತು. ಇನ್ನೂ ಹಸಿ ಇತ್ತು.