ಹಳೇ ಪುಡಿಯ ಘಮ

ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ನಿಂತು ದರ್ಜಿಯ ಕಾಲು ಸೋತಿತ್ತು. ಅವನ ಮುಂದಿದ್ದ ಇಬ್ಬರು ಹೆಂಗಸರಲ್ಲಿ ಹಿರಿಯಳು ಕಿರಿಯಳ ರವಿಕೆಯ ತೋಳು ಮೂಸಿದಳು. ಬಟ್ಟೆಯ ಮಾತು ಬಂದೊಡನೆ ದರ್ಜಿಯ ಕಿವಿ ನೆಟ್ಟಗಾಯಿತು.

"ಬಟ್ಟೆ ಒಗೆಯೋಕೆ ಅಂಗಡಿ ಪುಡಿ ತರೋದು ಬಿಟ್ಟೆ ಅಂದಿದ್ದೆ?"

"ಬಿಟ್ಟಿದ್ದೆ ಅಕ್ಕ. ಸೋಪು ತುರಿದು, ಸೋಡಾ ಹಾಕಿ ಕುದಿಸಿ ಮನೇಲೇ ಮಾಡ್ಕೋತಿದ್ದೆ. ಅಮ್ಮನ ಮಾತ್ರೆಗೆ ಹೊಟ್ಟೆಬಟ್ಟೆ ಕಟ್ಟಿ ಉಳಿಸ್ಬೇಕಲ್ಲ."

"ಮತ್ತೆ ಈ ಘಮ?"

"ಅಮ್ಮಂಗೆ ನನ್ನ ಮುಖ ಮರೆತು ಎಷ್ಟೋ ದಿನ ಆಯ್ತು. ಆದ್ರೂ ತೋಳು ಮೂಸಿ, ಮಗಳು ಅಂತ ಗುರುತು ಹಿಡೀತಿದ್ಲು. ಪುಡಿ ಬದಲಾದ್ಮೇಲೆ ಹತ್ರಾನೇ ಸೇರಿಸ್ಲಿಲ್ಲ."

"ಅದು ನಿಂಗೆ ಹೇಗೆ ಗೊತ್ತಾಗ್ಬೇಕು, ಪಾಪ."

"ನಿನ್ನೆ ಹಳೇ ಪುಡೀನೇ ತಂದು, ಇದನ್ನ ಒಗೆದು ಹಾಕ್ಕೊಂಡು ಹೋಗಿ ಪಕ್ಕದಲ್ಲಿ ಕೂತೆ."

"ಗುರುತು ಹಿಡಿದ್ರಾ?"

ಕಿರಿಯಳು ತೋಳಿನ ಅಂಚನ್ನು ಎಳೆದುಕೊಂಡಳು.

"ತುಂಬಾ ಹೊತ್ತು ಮೂಸಿದ್ಲು. ಆಮೇಲೆ, 'ನನ್ನ ಮಗಳ ಬಟ್ಟೆನೂ ಹೀಗೇ ಘಂ ಅಂತಿತ್ತು. ಎಲ್ಲಾದ್ರೂ ಸಿಕ್ಕಿದ್ರೆ ಬಂದು ಹೋಗೋಕೆ ಹೇಳಮ್ಮ' ಅಂದ್ಲು."

ಅವರ ಸರದಿ ಬಂತು. ಮಾತ್ರೆ ತೆಗೆದುಕೊಂಡು ಹೊರಟುಹೋದರು.

ಅವರು ನಿಂತಿದ್ದ ಜಾಗದಲ್ಲಿ ಘಮ ಇನ್ನೂ ಇತ್ತು. ದರ್ಜಿಗೆ ಅಲ್ಲಿ ಕಾಲಿಡಲು ಮನಸ್ಸಾಗಲಿಲ್ಲ.