ಪೂರಿಬಾಳ ಹುಳಿ ಮಜ್ಜಿಗೆ

ವೈಶಾಖದ ಬಿಸಿಲಲ್ಲಿ ಜುನಾಗಢದ ವೈದ್ಯರ ಜಗಲಿ ಮೇಲೆ ನನ್ನ ಸರದಿ ಕಾಯುತ್ತಿದ್ದೆ. ಒಳಗಿಂದ ನಮ್ಮ ಬೀದಿಯ ಪೂರಿಬಾ, ಆಕೆಯ ಸೊಸೆ ರಮೀಲಾ ಹೊರಬಂದು, ಔಷಧಿ ಕಟ್ಟಿಕೊಡುವವರೆಗೆ ನನ್ನ ಪಕ್ಕದಲ್ಲೇ ಕೂತರು.

“ಅರವತ್ತು ಬೇಸಿಗೆ ಮಜ್ಜಿಗೆ ಕುಡಿದೇ ಕಳೆದಿದ್ದೀನಿ. ಈಗ ಅದರಿಂದಲೇ ಎದೆಯುರಿ ಅಂತಾರಲ್ಲ ಈ ವೈದ್ಯರು.”

“ಮಜ್ಜಿಗೆ ಬೇಡ ಅನ್ನಲಿಲ್ಲ ಅತ್ತೆ, ಹುಳಿ ಮಜ್ಜಿಗೆ ಬೇಡ ಅಂದ್ರು. ಹುಳಿಯಾದದ್ದು ಉರಿ ಹೆಚ್ಚಿಸುತ್ತಂತೆ. ಅವತ್ತೇ ಕಡೆದು, ಬೆಣ್ಣೆ ತೆಗೆದು, ನೀರು ಬೆರೆಸಿದ್ದು ತಂಪಂತೆ.”

“ನನ್ನ ಮಜ್ಜಿಗೆ ಹುಳಿ ಅಂತ ಅವರಿಗೆ ಹೇಳಿದವರ‍್ಯಾರು?”

“ನಾನೇ.”

“ಮೂರು ವರ್ಷ ಬಾಯಿ ಬಿಡದವಳು ಇಲ್ಲಿ ಬಿಟ್ಯಾ?”

“ಮನೇಲಿ ಹೇಳಿದ್ರೆ ಕಡಗೋಲಲ್ಲೇ ಬಾರಿಸ್ತಿದ್ರಿ.”

ಮುದುಕಿ ನಕ್ಕಳು. ಆಮೇಲೆ ಬಲಗೈ ಬೆರಳು ಮಡಚಲು ನೋಡಿದಳು. ಪೂರ್ತಿ ಮಡಚಲಾಗಲಿಲ್ಲ.

“ದಿನಾ ಕಡೆಯೋಕೆ ಕೈ ಬರ್ತಿಲ್ಲ ರಮೀಲಾ. ಮೂರು ದಿನದ ಮೊಸರು ಸೇರಿಸಿ ಒಂದೇ ಸಲ ಕಡೀತಿದ್ದೆ.”

“ಗೊತ್ತಿತ್ತು. ನೀವಾಗೇ ಬಿಟ್ಟುಕೊಡಲಿ ಅಂತ ಕಾಯ್ತಿದ್ದೆ.”

“ನಾಳೆಯಿಂದ ಕಡಗೋಲು ನಿಂದು. ಜೀರಿಗೆ ಮಾತ್ರ ನಾನೇ ಹುರೀತೀನಿ. ನೀನು ಸೀಯಿಸ್ತೀಯ.”

ಪೊಟ್ಟಣ ಬಂತು. ಸೊಸೆ ಅದನ್ನು ತೆಗೆದುಕೊಂಡು ಅತ್ತೆಯತ್ತ ಕೈ ಚಾಚಿದಳು. ಪೂರಿಬಾ ಆ ಕೈ ಹಿಡಿದುಕೊಂಡು, ತಲೆಯೆತ್ತಿಯೇ ಮೆಟ್ಟಿಲಿಳಿದಳು.