ಒಂದು ಜೇಬೋ, ಎರಡು ಜೇಬೋ

ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯರೇ, ಕರೆದ ಕೂಡಲೇ ಒಪ್ಪಿ ಬಂದ ಮುಖ್ಯ ಅತಿಥಿಗಳೇ, ಈ ಉಪನ್ಯಾಸ ಮಾಲೆಯನ್ನು ಹುಟ್ಟುಹಾಕಿದ ಗ್ರಂಥಪಾಲಕಿಯವರೇ, ಕುರ್ಚಿ ಸಿಕ್ಕಿದ ಸಭಿಕರೇ, ಕುರ್ಚಿ ಸಿಗದೆ ಪುಸ್ತಕದ ಕಪಾಟಿಗೆ ಒರಗಿ ನಿಂತ ಸಭಿಕರೇ, ಮತ್ತು ಮೂರನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಕೈಕಟ್ಟಿಕೊಂಡು ಕೂತಿರುವ ನನ್ನ ಅಕ್ಕನವರೇ.

ಈಗಷ್ಟೇ ನನ್ನ ಕೈಗೆ ಒಂದು ಫಲಕ ಕೊಟ್ಟಿದ್ದೀರಿ. ಅದರ ಮೇಲೆ 'ನಮ್ಮ ಬೀದಿಯ ಇತಿಹಾಸಕಾರ' ಎಂದು ಬರೆಸಿದ್ದೀರಿ. ಓದಿ ನನ್ನ ಹೆಂಡತಿ ನಕ್ಕಿದ್ದನ್ನು ನಾನು ಇಲ್ಲಿಂದಲೇ ನೋಡಿದೆ. ನಾನೊಬ್ಬ ದರ್ಜಿ. ಅಂಗಿ, ಪ್ಯಾಂಟು ಹೊಲಿಯುವವನು. ನನಗೆ ಗೊತ್ತಿರುವ ಇತಿಹಾಸ ಯಾವುದು? ಇಲ್ಲಿ ಕೂತಿರುವ ಗಂಡಸರಲ್ಲಿ ಅರ್ಧ ಜನರ ಸೊಂಟ ಹೇಗೆ ಹೇಗೆ ಬೆಳೆಯಿತು ಎಂಬ ಇತಿಹಾಸ. ಅಧ್ಯಕ್ಷರು ಗಾಬರಿಯಾಗಬೇಕಿಲ್ಲ, ಅದನ್ನು ಇಲ್ಲಿ ಹೇಳುವುದಿಲ್ಲ.

ಈ ಮಾಲೆ ಶುರುವಾದದ್ದು ಹೇಗೆ ಎಂದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಗ್ರಂಥಪಾಲಕಿಯವರು ಒಂದು ದಿನ ರವಿಕೆಯ ಅಳತೆ ಕೊಡಲು ಅಕ್ಕನ ಅಂಗಡಿಗೆ ಹೋಗಿದ್ದರು. ಅಲ್ಲಿಂದ ಬೀದಿ ದಾಟಿ ನನ್ನ ಅಂಗಡಿಗೆ ಬಂದು ನಿಂತರು. "ಬರೋ ತಿಂಗಳು ನೀವು ಲೈಬ್ರರೀಲಿ ಮಾತಾಡಬೇಕು" ಎಂದರು. "ಅಮ್ಮಾ, ನನಗೆ ರಾಜರ ಕಥೆ ಗೊತ್ತಿಲ್ಲ" ಎಂದೆ. "ರಾಜರ ಕಥೆ ಪುಸ್ತಕದಲ್ಲಿದೆ, ಬೇಕಾದೋರು ಓದಿಕೊಳ್ತಾರೆ. ನಿಮ್ಮ ಬೀದಿ ಕಥೆ ಯಾವ ಪುಸ್ತಕದಲ್ಲಿದೆ, ಹೇಳಿ ನೋಡೋಣ?" ಎಂದು ಕೇಳಿದರು. ಒಪ್ಪಿಕೊಂಡೆ.

ಹಾಗೆ ಶುರುವಾಯಿತು. ಬಸ್ಸಿನ ಚಾಲಕರು ಹಳೆಯ ದಾರಿಗಳ ಬಗ್ಗೆ ಮಾತಾಡಿದರು. ಸೂಲಗಿತ್ತಿ ಅಜ್ಜಿ ಯಾವ ಮನೆಯಲ್ಲಿ ಯಾರು ಹುಟ್ಟಿದರು, ಹುಟ್ಟಿದ ಕೂಡಲೇ ಯಾರು ಎಷ್ಟು ಅತ್ತರು ಎಂದು ಹೇಳಿ, ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡ ದೊಡ್ಡವರ ಮಾನ ಕಳೆದರು. ನದಿಯ ಆಚೆ ದಡದ ಊರುಗಳಿಂದಲೂ ಜನ ಬರತೊಡಗಿದರು. ನಮ್ಮ ಬೀದಿಗೆ ಬಟ್ಟೆಯ ಥಾನುಗಳು ಬರುತ್ತಿದ್ದದ್ದು ಅವರ ಅಜ್ಜಂದಿರ ದೋಣಿಗಳಲ್ಲಿ. ಆ ಅಜ್ಜಂದಿರು ತೊಟ್ಟ ಅಂಗಿಗಳನ್ನು ಹೊಲಿದದ್ದು ನಮ್ಮ ಬೀದಿಯಲ್ಲಿ. ಎರಡು ದಡದವರೂ ಈ ಕೋಣೆಯಲ್ಲಿ ಒಟ್ಟಿಗೆ ಕೂರುವ ತನಕ ಇದು ಯಾರಿಗೆ ಗೊತ್ತಿತ್ತು? ಅವರ ಹತ್ತಿರ ಅರ್ಧ ಕಥೆ ಇತ್ತು, ನಮ್ಮ ಹತ್ತಿರ ಅರ್ಧ.

ಗ್ರಂಥಪಾಲಕಿಯವರು ಒಂದೇ ಒಂದು ನಿಯಮ ಇಟ್ಟರು. ಕೇಳುವವರಲ್ಲಿ ಯಾರಿಗಾದರೂ ಬೇರೆ ಥರ ಗೊತ್ತಿದ್ದರೆ ಕೈ ಎತ್ತಿ, ಎದ್ದು ನಿಂತು 'ತಪ್ಪು' ಎನ್ನಬಹುದು. ಮಾತಾಡುವವನು ಮೊದಲು ಧನ್ಯವಾದ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು. ಜಾರಿಕೊಳ್ಳುವ ಹಾಗಿಲ್ಲ. ಸಭಿಕರೇ, ಆ ನಿಯಮ ನಿಮಗೆಲ್ಲ ಒಂದು ನಿಯಮ. ನನಗೆ ಅದು ಏನು ಎಂದು ಹೇಳಬೇಕಾದರೆ ಸ್ವಲ್ಪ ಮನೆಯ ಕಥೆ ಹೇಳಬೇಕಾಗುತ್ತದೆ.

ನಮ್ಮ ಅಪ್ಪನದು ಒಂದು ಬಟ್ಟೆ ಕತ್ತರಿಸುವ ಮೇಜು. ಈ ವೇದಿಕೆಯಷ್ಟು ಉದ್ದ. ಅದರ ಕೆಳಗೆ ನಾವು ಮಲಗಿ ಬೆಳೆದವರು, ಅದರ ಮೇಲೆ ಕೆಲಸ ಕಲಿತವರು. ಅಪ್ಪ ಹೋದ ಮೇಲೆ ಅಕ್ಕ ಹೆಂಗಸರ ಬಟ್ಟೆಗೆಂದು ಎದುರಿಗೇ ಬೇರೆ ಅಂಗಡಿ ಹಿಡಿದಳು. ಎಲ್ಲವೂ ಸುಸೂತ್ರವಾಗಿ ಹಂಚಿಹೋಯಿತು. ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಕನ್ನಡಿ, ಎಲ್ಲ. ಹಂಚಿಕೆ ಮೇಜಿನ ಹತ್ತಿರ ಬಂದು ನಿಂತಿತು. ಅವಳಿಗೂ ಬೇಕು, ನನಗೂ ಬೇಕು. ಮಾತಿಗೆ ಮಾತು ಬೆಳೆಯಿತು. ಮೂಗಿನ ತುದಿಯಲ್ಲೇ ಕೋಪ ಇರುವುದು ನಮ್ಮಿಬ್ಬರಿಗೂ ಅಪ್ಪನಿಂದ ಬಂದ ಆಸ್ತಿ. ಅದಕ್ಕೆ ಮಾತ್ರ ಹಂಚಿಕೆ ಬೇಕಾಗಲಿಲ್ಲ. ಕೊನೆಗೆ ಬಡಗಿ ಬಂದ. ಮೇಜನ್ನು ಕೊಯ್ದು ಎರಡು ಮಾಡಿದ. ಹೌದು ಸ್ವಾಮಿ, ನಗಬೇಡಿ. ಇವತ್ತಿಗೂ ಅವಳ ಅಂಗಡಿಯಲ್ಲಿ ಎರಡು ಕಾಲಿನ ಅರ್ಧ ಮೇಜಿದೆ, ನನ್ನ ಅಂಗಡಿಯಲ್ಲಿ ಎರಡು ಕಾಲಿನ ಅರ್ಧ ಮೇಜಿದೆ. ಕೊಯ್ದ ತುದಿಯನ್ನು ಇಬ್ಬರೂ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದೇವೆ.

ಅವತ್ತಿನಿಂದ ಮಾತಿಲ್ಲ. ವರ್ಷಗಟ್ಟಲೆ ಇಲ್ಲ. ಬೀದಿಯ ಆ ಬದಿ ಅವಳು, ಈ ಬದಿ ನಾನು. ಅವಳು ತಲೆ ಎತ್ತಿದರೆ ನಾನು ಕಾಣುತ್ತೇನೆ, ನಾನು ತಲೆ ಎತ್ತಿದರೆ ಅವಳು ಕಾಣುತ್ತಾಳೆ. ಹಾಗಾಗಿ ಇಬ್ಬರೂ ತಲೆ ತಗ್ಗಿಸಿ ಹೊಲಿದೆವು. ನಮ್ಮ ಬೀದಿಯಲ್ಲಿ ಹೊಲಿಗೆ ಚೆನ್ನಾಗಿರುತ್ತದೆ ಎಂದು ನೀವೆಲ್ಲ ಹೊಗಳುತ್ತೀರಲ್ಲ, ಕಾರಣ ಇಷ್ಟೇ.

ಇನ್ನು ನನ್ನ ಮೊದಲನೆಯ ಉಪನ್ಯಾಸ. "ನಮ್ಮ ತಂದೆಯವರು ಮೊದಲು ಅಂಗಡಿ ಇಟ್ಟದ್ದು ಗಿರಣಿಯ ಬಾಗಿಲಿನಲ್ಲಿ" ಎಂದೆ. ಮೂರನೆಯ ಸಾಲಿನ ಕಿಟಕಿಯ ಪಕ್ಕ ಒಂದು ಕೈ ಮೇಲೆ ಹೋಯಿತು. ಅಕ್ಕ ಎದ್ದು ನಿಂತಳು. "ತಪ್ಪು. ಗಿರಣಿ ಬಾಗಿಲಲ್ಲ, ದೋಣಿ ಕಟ್ಟೆ. ಉಪನ್ಯಾಸಕರು ಆಗಿನ್ನೂ ತೊಟ್ಟಿಲಲ್ಲಿದ್ರು" ಎಂದಳು. ಅಷ್ಟು ವರ್ಷಗಳ ಮೇಲೆ ಅಕ್ಕ ನನ್ನ ಜೊತೆ ಆಡಿದ ಮೊದಲ ಮಾತು 'ತಪ್ಪು'. ನಿಯಮ ನಿಯಮವೇ. "ಮಾನ್ಯ ಸಭಿಕರಿಗೆ ಧನ್ಯವಾದಗಳು" ಎಂದೆ, ಸ್ವಂತ ಅಕ್ಕನಿಗೆ! ಜನ ನಕ್ಕರು. ನಾನು ಕೈಯಲ್ಲಿದ್ದ ಚೀಟಿಯಲ್ಲಿ 'ಗಿರಣಿ' ಹೊಡೆದು 'ದೋಣಿ ಕಟ್ಟೆ' ಎಂದು ಬರೆದುಕೊಂಡೆ.

ಆಮೇಲೆ ಯಾವ ಉಪನ್ಯಾಸವನ್ನೂ ಅವಳು ತಪ್ಪಿಸಿಲ್ಲ. ನಾನು ಮರದ ಸೇತುವೆ ಎಂದರೆ ಅವಳು ಅದಕ್ಕಿಂತ ಹಿಂದಿನ ಹಗ್ಗದ ಸೇತುವೆ ಎಂದಳು. ನಾನು ಪ್ರವಾಹ ಬೆಳಿಗ್ಗೆ ಬಂತು ಎಂದರೆ ಅವಳು ಮಧ್ಯಾಹ್ನ ಎಂದಳು. ಹೆಚ್ಚಿನ ಸಲ ಅವಳು ಹೇಳಿದ್ದೇ ಸರಿ. ಈ ಫಲಕದಲ್ಲಿ ಅರ್ಧ ಅವಳಿಗೆ ಸೇರಬೇಕು. ದಯವಿಟ್ಟು ಯಾರೂ ಬಡಗಿಯನ್ನು ಕರೆಯಬೇಡಿ.

ಈಗ ಕಳೆದ ತಿಂಗಳ ವಿಷಯಕ್ಕೆ ಬರುತ್ತೇನೆ. ಗಿರಣಿಯ ಸಮವಸ್ತ್ರದ ಬಗ್ಗೆ ಮಾತಾಡುತ್ತಿದ್ದೆ. ಸೈರನ್ ಊದುವವನಿಗೆ ಅಪ್ಪ ಹೊಲಿದ ಮೊದಲ ನೀಲಿ ಅಂಗಿಗೆ ಒಂದೇ ಜೇಬು ಇತ್ತು ಎಂದೆ. ಅಕ್ಕ ಎದ್ದಳು. "ತಪ್ಪು. ಎರಡು ಜೇಬು." ನಾನು ಒಂದು ಎಂದೆ. ಅವಳು ಎರಡು ಎಂದಳು. ಅದು ಎಲ್ಲಿಗೆ ಹೋಯಿತು ಎಂದು ನೀವೇ ಕಂಡಿದ್ದೀರಿ. ಸೂಲಗಿತ್ತಿ ಅಜ್ಜಿ ಕೂತಲ್ಲೇ ನಿದ್ದೆ ಹೋದರು. ಗ್ರಂಥಪಾಲಕಿಯವರು ಒಂದೊಂದಾಗಿ ದೀಪ ಆರಿಸತೊಡಗಿದರು. ಆದರೂ ನಾವಿಬ್ಬರೂ ಪಟ್ಟು ಬಿಡಲಿಲ್ಲ.

ಮನೆಗೆ ಹೋಗಿ ಧುಮುಗುಟ್ಟಿದೆ. ಯಾಕೆ ಗೊತ್ತೇ? ಆ ಜೇಬನ್ನು ಹೊಲಿದವಳು ಸ್ವತಃ ಅಕ್ಕ! ಅಪ್ಪ ಅವಳಿಗೆ ಕೊಟ್ಟ ಮೊದಲ ಕೆಲಸ ಅದು. ಚಿಕ್ಕವನಿದ್ದಾಗ ನನಗೆ ಊಟ ಮಾಡಿಸುತ್ತಾ ಅವಳೇ ನೂರು ಸಲ ಹೇಳಿದ್ದಾಳೆ, "ಒಂದೇ ಜೇಬು ಕಣೋ, ಅದನ್ನೂ ಸೊಟ್ಟ ಹೊಲಿದಿದ್ದೆ" ಅಂತ. "ಅವಳಿಗೆ ಮರೆವು ಬಂದಿದೆ" ಎಂದೆ. ಹೆಂಡತಿ ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿ, "ಅಯ್ಯೋ, ನಿಮ್ಮ ತಲೆ! ಒಂದೇ ಅಂತ ಒಪ್ಪಿಕೊಂಡಿದ್ರೆ ಅತ್ತಿಗೆ ಏನಂತ ಮಾತಾಡಬೇಕಿತ್ತು? ಸುಮ್ನೆ ಎದ್ದು ಮನೆಗೆ ಹೋಗಬೇಕಿತ್ತು, ಅಷ್ಟೇ" ಎಂದಳು.

ಸಭಿಕರೇ, ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಎಂಥ ಪೆದ್ದ ನಾನು! ತಿಂಗಳಿಗೊಂದು ಸಲ ಅವಳು ಇತಿಹಾಸ ತಿದ್ದುವುದಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಸಂತೋಷಕ್ಕೆ ಅಳು ಬರುತ್ತದೆ ಎನ್ನುತ್ತಾರಲ್ಲ, ಅದು ನಿಜ.

ಆದರೆ ಈಗ ಗ್ರಂಥಪಾಲಕಿಯವರು ಏನು ಹೇಳಿದರು, ಕೇಳಿದಿರಲ್ಲ? ನಾಳೆಯಿಂದ ಈ ಕಟ್ಟಡದ ಚಾವಣಿ ಬಿಚ್ಚುತ್ತಾರೆ. ರಿಪೇರಿ ಮುಗಿಯುವ ತನಕ, ಅಂದರೆ ವರ್ಷವಾದರೂ ಆದೀತು, ಉಪನ್ಯಾಸ ಇಲ್ಲ. ನಿಮಗೆಲ್ಲ ಅದೊಂದು ಸಣ್ಣ ತೊಂದರೆ. ನಾವಿಬ್ಬರು ಎಲ್ಲಿ ಮಾತಾಡಬೇಕು? ಮತ್ತೆ ತಲೆ ತಗ್ಗಿಸಿ ಹೊಲಿಯುವುದು ನನ್ನಿಂದಾಗುವುದಿಲ್ಲ. ಇಬ್ಬರಿಗೂ ವಯಸ್ಸಾಯಿತು, ಕುತ್ತಿಗೆ ನೋಯುತ್ತದೆ.

ಅದಕ್ಕೇ ಈ ಮೈಕಿನ ಮುಂದೆ, ಎಲ್ಲರ ಎದುರಿಗೇ ಕೇಳುತ್ತಿದ್ದೇನೆ. ಮೇಜು ಕೊಯ್ಯಲು ಹೇಳಿದವರು ಯಾರು ಎಂಬುದು ಈಗ ಬೇಡ. ತಪ್ಪೆಲ್ಲ ಆ ಬಡಗಿಯದೇ ಎಂದು ಇಟ್ಟುಕೊಳ್ಳೋಣ. ಪಾಪ, ಅವನು ಇಲ್ಲಿಲ್ಲ. ಅಕ್ಕಾ, ನಾಳೆ ಬೆಳಿಗ್ಗೆ ಬೀದಿ ದಾಟಿ ನನ್ನ ಅಂಗಡಿಗೆ ಬರ್ತೀಯಾ? ಇಲ್ಲ, ನಾನೇ ಬರಲಾ?

ಅಧ್ಯಕ್ಷರೇ, ಕ್ಷಮಿಸಿ. ಇವತ್ತು ಪ್ರಶ್ನೋತ್ತರ ಇಲ್ಲ ಎಂದು ಆಮಂತ್ರಣದಲ್ಲೇ ಹಾಕಿದ್ದೀರಿ, ಗೊತ್ತು. ಆದರೆ ಮೂರನೆಯ ಸಾಲಿನಲ್ಲಿ ಕೈ ಎದ್ದಿದೆ. ನಿಯಮ ನಿಯಮವೇ. ಹೇಳು ಅಕ್ಕಾ. ಜೋರಾಗಿ ಹೇಳು.

ಹಿಂದಿನವರಿಗೆ ಕೇಳಿಸಲಿಲ್ಲವಂತೆ, ನಾನೇ ಹೇಳುತ್ತೇನೆ. "ತಪ್ಪು. ಬಡಗಿ ಮೇಲೆ ಯಾಕೆ ಹಾಕ್ತೀಯಾ? ಕೊಯ್ದುಬಿಡು ಅಂತ ಅವನಿಗೆ ಹೇಳಿದ್ದು ನಾನು" ಎನ್ನುತ್ತಾಳೆ ನಮ್ಮಕ್ಕ.

ಮಾನ್ಯ ಸಭಿಕರಿಗೆ ಧನ್ಯವಾದಗಳು. ಇನ್ನು ನನ್ನ ಉತ್ತರ. ಅಕ್ಕಾ, ಅದು ಎರಡು ಹಿಡಿಯ ಗರಗಸ. ಒಬ್ಬನೇ ಎಳೆದರೆ ಓಡುವಂಥದ್ದಲ್ಲ. ಒಂದು ಹಿಡಿ ಬಡಗಿಯ ಕೈಯಲ್ಲಿತ್ತು. ಇನ್ನೊಂದು ಹಿಡಿ ನನ್ನ ಈ ಕೈಯಲ್ಲಿತ್ತು, ನೆನಪಿದೆಯಲ್ಲ?

ಏನಂದೆ? ನನ್ನ ಅಂಗಡಿಯಲ್ಲಿ ಕೂರೋಕೆ ಜಾಗ ಎಲ್ಲಿದೆ ಅಂತೀಯಾ? ನಾನೇ ಬರಬೇಕಾ? ಬರ್ತೀನಿ ಅಕ್ಕಾ. ಬಾಗಿಲು ತೆಗೆಯೋ ಹೊತ್ತಿಗೇ ಬರ್ತೀನಿ. ಆದರೆ ಈಗಲೇ ಹೇಳಿರ್ತೀನಿ, ಜೇಬು ಒಂದೇ.

ನೋಡಿ, ನೋಡಿ, ಎರಡು ಬೆರಳು ತೋರಿಸುತ್ತಿದ್ದಾಳೆ.

ಇಷ್ಟು ಹೊತ್ತು ನಮ್ಮ ಮನೆಯ ಇತಿಹಾಸವನ್ನು ತಾಳ್ಮೆಯಿಂದ ಕೇಳಿದ ತಮಗೆಲ್ಲರಿಗೂ ಮನಸ್ಸು ತುಂಬಿ ಧನ್ಯವಾದ ಹೇಳುತ್ತೇನೆ. ಉಳಿದ ವಾದ ನಾಳೆಯಿಂದ ಅಕ್ಕನ ಅಂಗಡಿಯಲ್ಲಿ ನಡೆಯುತ್ತದೆ. ನಮಸ್ಕಾರ.